ಮನೇಲಿ ಬಿಯರ್: ಯಾವ ಪಾತ್ರೆ, ಯಾವ ಫರ್ಮೆಂಟರ್, ತೊಳೆಯೋದು ಹೇಗೆ? (ಅಮೆರಿಕದಲ್ಲಿರೋರು ಹೇಳಿ)

ಜರ್ಸಿ_ಹೊಸಬ
ಎಲ್ಲರಿಗೂ ನಮಸ್ಕಾರ. ಬಿಯರ್ ಮಾಡೋಕೆ ಸಾಮಾನು ಕೂಡಿಸ್ತಾ ಇದೀನಿ, ದುಡ್ಡು ಹಾಕೋ ಮುಂಚೆ ತಿಳಿದವರ ಮಾತು ಕೇಳೋಣ ಅಂತ. ನ್ಯೂಜೆರ್ಸಿಯ ಅಪಾರ್ಟ್‌ಮೆಂಟು, ಬಾಲ್ಕನಿಲಿ ಪ್ರೊಪೇನ್ ಒಲೆ ಹಚ್ಚೋ ಹಾಗಿಲ್ಲ, ಗೋಡೆಯ ಸಾಕೆಟ್ 120 ವೋಲ್ಟ್. ರೆಡಿ ಎಕ್ಸ್‌ಟ್ರಾಕ್ಟ್ ಪಾಕ ಬೇಡ, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ) ಕಾಳಿನಿಂದಲೇ ಶುರು ಮಾಡ್ಬೇಕು. ಬಜೆಟ್ 500 ಡಾಲರ್.

10 ಗ್ಯಾಲನ್ (ಗ್ಯಾಲನ್ ಅಂದ್ರೆ ಸುಮಾರು 3.8 ಲೀಟರ್) ಸ್ಟೀಲ್ ಕೆಟಲ್ ತಗೊಳ್ಳೋದಾ, ಎಲ್ಲ ಒಂದರಲ್ಲೇ ಆಗೋ ಎಲೆಕ್ಟ್ರಿಕ್ ಮೆಷಿನ್ನಾ? ಫರ್ಮೆಂಟರ್ (ಬಿಯರ್ ಹುದುಗಿಸೋ ಪಾತ್ರೆ) ಪ್ಲಾಸ್ಟಿಕ್ಕಾ, ಗಾಜಾ, ತಳ ಚೂಪಾಗಿರೋ ಸ್ಟೀಲ್ ಕೋನಿಕಲ್ಲಾ? ಊರಿಂದ ತಂದ ದೊಡ್ಡ ಅಲ್ಯೂಮಿನಿಯಂ ಪಾತ್ರೆ ಒಂದಿದೆ, ಅದು ನಡೆಯುತ್ತಾ? ಸ್ಯಾನಿಟೈಸ್ ಮಾಡೋಕೆ ಬ್ಲೀಚ್ ಸಾಕಲ್ವಾ?

ಕೊಳಗ_ಕಿಟ್ಟಿ
ಮೊದಲು ಕರೆಂಟಿನ ಲೆಕ್ಕ ಹಾಕಿ, ಆಮೇಲೆ ಪಾತ್ರೆ. 5 ಗ್ಯಾಲನ್ ಬಿಯರಿಗೆ ಸುಮಾರು 30 ಲೀಟರ್ ನೀರು ಬೇಕು. ಅದನ್ನ 20 ಡಿಗ್ರಿ ಸೆಲ್ಸಿಯಸ್ಸಿಂದ 68ಕ್ಕೆ ಏರಿಸೋಕೆ 1500 ವ್ಯಾಟಿನ ಎಲಿಮೆಂಟಿಗೆ ಒಂದು ಗಂಟೆ ಮೇಲೆ ಬೇಕು. ಮ್ಯಾಶ್ (ಕಾಳನ್ನ ಬಿಸಿ ನೀರಲ್ಲಿ ನೆನೆಸಿ ಸಿಹಿ ರಸ ಬಿಡಿಸೋದು) ಮುಗಿದ ಮೇಲೆ ಆ ರಸವನ್ನ ಕುದಿಗೆ ತರೋಕೆ ಇನ್ನೊಂದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಅಷ್ಟಾದರೂ ಕುದಿ ಮಂಕು. ಗೋಡೆಯ 15 ಆಂಪಿಯರ್ ಸಾಕೆಟಿಂದ ಅದಕ್ಕಿಂತ ಬಹಳ ಹೆಚ್ಚು ಎಳೆಯೋಕಾಗಲ್ಲ.

ಅದಕ್ಕೇ ನನ್ನ ಮಾತು: 5 ಗ್ಯಾಲನ್ ಬಿಟ್ಟು 2.5 ಗ್ಯಾಲನ್ ಮಾಡಿ. 14-15 ಲೀಟರ್ ನೀರು, 5 ಗ್ಯಾಲನ್ನಿನ ಸಾದಾ ಸ್ಟೀಲ್ ಪಾತ್ರೆ, ಬಟ್ಟೆ ಚೀಲದಲ್ಲಿ ಕಾಳು. ಅಡುಗೆಮನೆ ಒಲೆಯೇ ಸಾಕು. ಕುದಿ ಮುಗಿದ ಮೇಲೆ ಸಿಂಕಲ್ಲಿ ಐಸ್ ನೀರಲ್ಲಿಟ್ಟು ಆರಿಸಬಹುದು, ಚಿಲ್ಲರ್ (ರಸ ಆರಿಸೋ ಲೋಹದ ಸುರುಳಿ) ಖರ್ಚೂ ಇಲ್ಲ. ಉಳಿದ ದುಡ್ಡನ್ನ ಹುದುಗೋ ಸಮಯದ ತಾಪ ಹಿಡಿಯೋಕೆ ಹಾಕಿ. ಬಿಯರ್ ಕೆಡೋದು ಹೆಚ್ಚಾಗಿ ಅಲ್ಲೇ, ಕೆಟಲಲ್ಲಲ್ಲ.

ಕುಡ್ಲ_ಡಲ್ಲಾಸ್
ಕಿಟ್ಟಿಯವರೇ, ಆರು ಗಂಟೆ ಕೆಲಸ ಮಾಡಿ 24 ಬಾಟ್ಲಿ ಬಿಯರ್ ಅಂದ್ರೆ ಯಾರಿಗೆ ಉತ್ಸಾಹ ಇರ್ತದೆ ಮಾರಾಯ್ರೆ? ತೊಳೆಯುವ ಕೆಲಸ 2.5ಕ್ಕೂ ಒಂದೇ, 5ಕ್ಕೂ ಒಂದೇ. ಆನ್ವಿಲ್ ಫೌಂಡ್ರಿ ಅಂತ ಎಲ್ಲ ಒಂದರಲ್ಲೇ ಆಗುವ ಮೆಷಿನ್ ಉಂಟು, 120ರಲ್ಲೂ 240ರಲ್ಲೂ ಓಡ್ತದೆ. ಈಗ 120ರಲ್ಲಿ ಸಣ್ಣದು ಮಾಡ್ಲಿ, ಮನೆ ಬದಲಿಸಿದ ಮೇಲೆ 240ಕ್ಕೆ ಹಾಕ್ಲಿ. ಬೆಳಗ್ಗೆ ನೀರು ಬಿಸಿಯಾಗುವ ಹಾಗೆ ಟೈಮರ್ ಇಟ್ಟರೆ ಮೊದಲ ಗಂಟೆಯ ಕಾಯುವಿಕೆಯೂ ಇಲ್ಲ. ಮೆಷಿನ್ನಿನ ಬಿಸಿ ಹೊರಗೆ ಹೋಗದ ಹಾಗೆ ಇನ್ಸುಲೇಶನ್ ಕೋಟು ಸುತ್ತಿದ್ರೆ ಕುದಿಯೂ ಚೆನ್ನಾಗಿ ಬರ್ತದೆ.

ಕೊಳಗ_ಕಿಟ್ಟಿ
ಮೆಷಿನ್ ಕೆಟ್ಟದು ಅಂದಿಲ್ಲ. 500ರಲ್ಲಿ ಮುಕ್ಕಾಲು ಪಾಲು ಅದೇ ತಿಂದರೆ ಫರ್ಮೆಂಟರ್ ಇಡೋ ಹಳೇ ಫ್ರಿಜ್ಜಿಗೆ ದುಡ್ಡೆಲ್ಲಿ? ಹೊಳೆಯೋ ಕೆಟಲಲ್ಲಿ ಕುದಿಸಿ 26 ಡಿಗ್ರಿ ರೂಮಲ್ಲಿ ಹುದುಗಿಸಿದ್ರೆ ಸಿಗೋದು ನೇಲ್ ಪಾಲಿಶ್ ವಾಸನೆ.

ಡೆನ್ವರ್_ಕನ್ನಡತಿ
ತಾಪದ ವಿಷಯದಲ್ಲಿ ಕಿಟ್ಟಿ ಅವರದ್ದೇ ಸರಿ. ಹುದುಗು ಜೋರಾಗಿರುವಾಗ ಫರ್ಮೆಂಟರಿನ ಒಳಗಿನ ತಾಪ ರೂಮಿಗಿಂತ 3-5 ಡಿಗ್ರಿ ಮೇಲಿರುತ್ತೆ. ರೂಮು 22 ಅಂದ್ರೆ ಒಳಗೆ 26. ಸಾಧಾರಣ ಏಲ್ ಯೀಸ್ಟಿಗೆ 18-20 ಬೇಕು. ಹಳೇ ಫ್ರಿಜ್ ಅಥವಾ ಚೆಸ್ಟ್ ಫ್ರೀಜರ್ ತಗೊಂಡು ಇಂಕ್‌ಬರ್ಡ್ ತರಹದ, ತಾಪ ನೋಡಿ ಆನ್ ಆಫ್ ಮಾಡೋ ಕಂಟ್ರೋಲರ್ ಹಾಕಿ. ಅದರಲ್ಲಿ ಎರಡು ಸಾಕೆಟ್, ಒಂದಕ್ಕೆ ಫ್ರಿಜ್, ಇನ್ನೊಂದಕ್ಕೆ ಹೀಟ್ ಬೆಲ್ಟ್.

ಅದರ ಪ್ರೋಬನ್ನ (ತಾಪ ಅಳೆಯೋ ತುದಿ) ಗಾಳಿಯಲ್ಲಿ ನೇತುಹಾಕಬೇಡಿ. ಫರ್ಮೆಂಟರಿನ ಮೈಗೆ, ಬಿಯರ್ ಮಟ್ಟದ ಕೆಳಗೆ ಅಂಟಿಸಿ, ಮೇಲೆ ದಪ್ಪ ಫೋಮ್ ತುಂಡು ಇಟ್ಟು ಟೇಪ್ ಸುತ್ತಿ. ಗಾಳಿಯ ತಾಪ ಓದಿದರೆ ಫ್ರಿಜ್ ಪದೇಪದೇ ಆನ್ ಆಫ್ ಆಗುತ್ತೆ, ಬಿಯರ್ ಮಾತ್ರ ಬೆಚ್ಚಗೇ ಇರುತ್ತೆ. ಕಂಪ್ರೆಸರ್ ಡಿಲೇ (ಆಫ್ ಆದ ಮೇಲೆ ಮತ್ತೆ ಆನ್ ಆಗೋ ಮುಂಚಿನ ಬಿಡುವು) 3 ನಿಮಿಷಕ್ಕಿಂತ ಕಡಿಮೆ ಇಡಬೇಡಿ, ಫ್ರಿಜ್ ಬೇಗ ಸಾಯುತ್ತೆ.

ಫ್ರಿಜ್ಜಿಗೆ ಜಾಗವೇ ಇಲ್ಲ ಅಂದ್ರೆ ಅಗಲವಾದ ಟಬ್ಬಲ್ಲಿ ನೀರು ತುಂಬಿಸಿ ಅದರೊಳಗೆ ಫರ್ಮೆಂಟರ್ ಇಟ್ಟು, ಬೆಳಗ್ಗೆ ಸಂಜೆ ಒಂದೊಂದು ಐಸ್ ಬಾಟಲಿ ಹಾಕಿ. ಮೊದಲ ಮೂರು ನಾಲ್ಕು ದಿನ ಹಿಡಿದಿಟ್ಟರೆ ಸಾಕು, ಆಮೇಲೆ ಬೆಚ್ಚಗಾದರೂ ತೊಂದರೆ ಇಲ್ಲ.

ಪೇಡಾ_ಧಾರವಾಡ
ಬ್ಲೀಚ್ ಬಗ್ಗೆ ಯಾರೂ ಹೇಳಲಿಲ್ಲಲ್ರಿ. ಬ್ಲೀಚ್ ಬ್ಯಾಡ್ರಿ. ಮೂರು ಕಾರಣ. ಸ್ಟೀಲಿಗೆ ಕ್ಲೋರಿನ್ ತಾಗಿದ್ರ ಸಣ್ಣ ಸಣ್ಣ ತೂತು ಬೀಳ್ತಾವ. ಎರಡನೇದು, ಸ್ವಲ್ಪ ಉಳಿದ್ರೂ ಮಾಲ್ಟಿನ ಫೀನಾಲ್ ಜೋಡಿ ಸೇರಿ ಕ್ಲೋರೋಫೀನಾಲ್ ಆಗತೈತಿ, ಬಿಯರ್ ಬ್ಯಾಂಡೇಡ್ ವಾಸನಿ ಹೊಡೀತೈತಿ. ಮೂರನೇದು ಜೀವದ ಪ್ರಶ್ನೆ: ಬ್ಲೀಚ್ ಮತ್ತ ಸ್ಟಾರ್ ಸ್ಯಾನ್ (ಬಿಯರ್ ಮಾಡಾವ್ರು ಬಳಸೂ ಆಮ್ಲದ ಸ್ಯಾನಿಟೈಸರ್) ಎರಡೂ ಕೂಡಿದ್ರ ಕ್ಲೋರಿನ್ ಗ್ಯಾಸ್ ಬರತೈತಿ. ಒಂದ ಸಿಂಕಿನ್ಯಾಗ ಎರಡೂ ಇಡಬ್ಯಾಡ್ರಿ.

ಸ್ಟಾರ್ ಸ್ಯಾನ್ ಅಳತಿ: 19 ಲೀಟರ್ ನೀರಿಗೆ 30 ಮಿಲಿ. ಸ್ಪ್ರೇ ಬಾಟ್ಲಿಗೆ ಲೀಟರಿಗೆ 1.6 ಮಿಲಿ, ಸಿರಿಂಜಿನ್ಯಾಗ ಅಳೀರಿ, ಅಂದಾಜು ಬ್ಯಾಡ. ಒಂದು ನಿಮಿಷ ಒದ್ದಿ ಇರಬೇಕು, ಆಮ್ಯಾಲ ನೀರು ಹಾಕಿ ತೊಳಿಯೂದು ಬ್ಯಾಡ. ನೊರಿ ಉಳಿದ್ರ ಚಿಂತಿ ಮಾಡಬ್ಯಾಡ್ರಿ. ಡಿಸ್ಟಿಲ್ಡ್ ಅಥವಾ ಆರ್‌ಓ ನೀರಿನ್ಯಾಗ ಕಲಸಿದ್ರ ವಾರಗಟ್ಟಲೆ ಇರತೈತಿ, ನಲ್ಲಿಯ ಗಡಸು ನೀರಿನ್ಯಾಗ ಬೆಳ್ಳಗ ಆಗತೈತಿ. ಪಿಎಚ್ 3ರ ಕೆಳಗ ಇರೂತನಕ ಕೆಲಸ ಮಾಡತೈತಿ, ಪಟ್ಟಿ ಹಾಕಿ ನೋಡ್ರಿ.

ಇದಕ್ಕಿಂತ ದೊಡ್ಡದು: ಹೊಲಸಿನ ಮ್ಯಾಲ ಸ್ಯಾನಿಟೈಸರ್ ಹೊಡೆದ್ರ ಉಪಯೋಗ ಇಲ್ಲ. ಮೊದಲು ತೊಳೀಬೇಕು, ಆಮ್ಯಾಲ ಸ್ಯಾನಿಟೈಸ್. ಎರಡು ಬ್ಯಾರೆ ಬ್ಯಾರೆ ಕೆಲಸ.

ಜರ್ಸಿ_ಹೊಸಬ
ತೊಳೆಯೋಕೆ ಪಾತ್ರೆ ಸೋಪು ಆಗಲ್ವಾ?

ಪೇಡಾ_ಧಾರವಾಡ
ಕೆಟಲಿಗೆ ನಡೀತೈತಿ. ಫರ್ಮೆಂಟರಿಗೆ ಬ್ಯಾಡ್ರಿ, ಸುವಾಸನಿ ಪ್ಲಾಸ್ಟಿಕ್ಕಿನ್ಯಾಗ ಉಳೀತೈತಿ, ಸೋಪು ಉಳಿದ್ರ ಬಿಯರಿನ ನೊರಿ ನಿಲ್ಲಂಗಿಲ್ಲ. ಪಿಬಿಡಬ್ಲ್ಯೂ ಅಂತ ಬಿಯರ್ ಪಾತ್ರಿ ತೊಳಿಯೂ ಪುಡಿ ತಗೋರಿ, ಲೀಟರಿಗೆ 7-8 ಗ್ರಾಂ, 55-60 ಡಿಗ್ರಿ ಬಿಸಿ ನೀರು, ರಾತ್ರಿ ನೆನೆಹಾಕ್ರಿ. ತುಟ್ಟಿ ಆತು ಅಂದ್ರ ವಾಸನಿ ಇಲ್ಲದ ಆಕ್ಸಿಕ್ಲೀನ್ ಫ್ರೀ 70 ಪಾಲು, ಸೋಡಿಯಂ ಮೆಟಾಸಿಲಿಕೇಟ್ 30 ಪಾಲು ಕಲಸ್ರಿ, ಹೆಚ್ಚುಕಮ್ಮಿ ಅದ ಕೆಲಸ. ಉಜ್ಜೂದೇ ಬೇಕಾಗಂಗಿಲ್ಲ.

ಆದ್ರ ಅಲ್ಯೂಮಿನಿಯಂ ಪಾತ್ರಿಗೆ ಇವೆರಡೂ ಹಾಕಬ್ಯಾಡ್ರಿ, ಕರ್ರಗ ಆಗಬಹುದು.

ನೊರೆ_ನಂಜುಂಡ
ಅಲ್ಯೂಮಿನಿಯಂ ಪಾತ್ರೆ ಧಾರಾಳವಾಗಿ ಬಳಸಬಹುದು. ಮೊದಲ ಸಲ ಬರೀ ನೀರು ತುಂಬಿಸಿ ಅರ್ಧ ಗಂಟೆ ಕುದಿಸಿ, ಒಳಮೈ ಮಂಕಾಗುತ್ತೆ. ಅದು ಆಕ್ಸೈಡ್ ಪದರ, ಅದನ್ನ ಉಜ್ಜಿ ಹೊಳಪು ಬರಿಸಬಾರದು. ಮೆತ್ತನೆ ಸ್ಪಂಜು, ಸ್ವಲ್ಪ ಸೋಪು, ಅಷ್ಟೇ. ಸಾರು, ಹುಳಿ ಮಾಡಿದ ಪಾತ್ರೆಯಾದರೆ ಆ ಪದರ ಹುಣಸೆಹುಳಿಗೆ ಹೋಗಿರುತ್ತೆ, ಮತ್ತೆ ಕುದಿಸಿ.

ಸ್ಟೀಲಲ್ಲಿ ಕಂದು ಕಲೆ ಬಂದರೆ ಬಾರ್ ಕೀಪರ್ಸ್ ಫ್ರೆಂಡ್ ಪುಡಿ, ಅದರಲ್ಲಿರೋದು ಆಕ್ಸಾಲಿಕ್ ಆಮ್ಲ. ತಂತಿ ಬ್ರಶ್ ಬೇಡ, ಕಬ್ಬಿಣದ ಕಣ ಉಳಿದು ತುಕ್ಕು ಹಿಡಿಯುತ್ತೆ.

ತಟ್ಟೆಇಡ್ಲಿ_ತುಮಕೂರು
ಫರ್ಮೆಂಟರ್ ಪ್ರಶ್ನೆಗೆ ಉತ್ತರ ಬರ್ಲಿಲ್ಲ. ಗಾಜು ಬೇಡವೇ ಬೇಡ. 5 ಗ್ಯಾಲನ್ ಬಿಯರ್ ತುಂಬಿದ ಗಾಜಿನ ಕಾರ್ಬಾಯ್ (ದೊಡ್ಡ ಬಾಟ್ಲಿ) 25 ಕಿಲೋ ಮೇಲೆ ತೂಗುತ್ತೆ, ಕೈ ಒದ್ದೆ, ನೊರೆ ಜಾರುತ್ತೆ. ಒಡೆದರೆ ಕೈ ಕಾಲಿನ ನರ ಕತ್ತರಿಸೋ ಗಾಯ. ಬಿಸಿ ರಸ ಸುರಿದರೂ ಬಿರುಕು ಬಿಡುತ್ತೆ. ಕತ್ತು ಸಣ್ಣದು, ಒಳಗೆ ಕೈ ಹೋಗಲ್ಲ. ಆಮ್ಲಜನಕ ಒಳಗೆ ಬಿಡಲ್ಲ ಅನ್ನೋದೊಂದೇ ಅದರ ಗುಣ, ಎರಡು ಮೂರು ವಾರದ ಬಿಯರಿಗೆ ಅದು ಲೆಕ್ಕಕ್ಕಿಲ್ಲ.

ಬಕೆಟ್ ತಗೊಳ್ಳಿ. ಅಗಲ ಬಾಯಿ, ಕೈ ಹಾಕಿ ತೊಳೀಬಹುದು. ಗೀರು ಬಿದ್ದರೆ ಅದರಲ್ಲಿ ಬ್ಯಾಕ್ಟೀರಿಯ ಮನೆ ಮಾಡುತ್ತೆ, ಅದಕ್ಕೇ ಸ್ಕ್ರಬ್ಬರ್ ತಾಗಿಸಬಾರದು. ಒಂದರೊಳಗೊಂದು ಬಕೆಟ್ ಜೋಡಿಸಿಡೋದೂ ಬೇಡ, ಎತ್ತುವಾಗ ಗೀರಾಗುತ್ತೆ. ಒಳಗೆ ಗೀರು ಕಂಡ ದಿನ ಅದನ್ನ ಕಾಳು ತುಂಬಿಸೋಕೆ ಇಟ್ಟುಕೊಂಡು ಹೊಸದು ತನ್ನಿ.

ಕುಡ್ಲ_ಡಲ್ಲಾಸ್
ಹೀಗೆ ಬಕೆಟ್ ಬದಲಿಸುತ್ತಾ ಹೋದ್ರೆ ಸ್ಟೀಲಿನ ದುಡ್ಡೇ ಆಗ್ತದಲ್ಲ? ಸ್ಟೀಲ್ ಬಕೆಟ್ ಉಂಟು, ಕೋನಿಕಲ್ ಬೇಕಂತಿಲ್ಲ. ಬಿಸಿ ಪಿಬಿಡಬ್ಲ್ಯೂ ಹಾಕಬಹುದು, ವಾಸನೆ ಹಿಡಿಯುವುದಿಲ್ಲ, ಗೀರಿನ ಭಯ ಕಡಿಮೆ.

ತಟ್ಟೆಇಡ್ಲಿ_ತುಮಕೂರು
ಸ್ಟೀಲ್ ಬಕೆಟ್ ಒಪ್ಪಿದೆ. ಕೋನಿಕಲ್ ಬೇಡ ಅನ್ನೋದು ಬೆಲೆಗಲ್ಲ, ಬಿಡಿಭಾಗಗಳಿಗೆ. ಕೆಳಗೊಂದು ವಾಲ್ವ್, ಪಕ್ಕದಲ್ಲೊಂದು, ತಿರುಗೋ ಕೊಳವೆ, ಕ್ಲ್ಯಾಂಪು, ಗ್ಯಾಸ್ಕೆಟ್ಟು. ಪ್ರತಿ ಸಲ ಅಷ್ಟನ್ನೂ ಬಿಚ್ಚಬೇಕು. ಬಿಚ್ಚೋ ತಾಳ್ಮೆ ಇಲ್ಲದವರಿಗೆ ಕೋನಿಕಲ್ ಅಂದ್ರೆ ಸೋಂಕಿನ ಗೂಡು.

ಕೊಳಗ_ಕಿಟ್ಟಿ
ಇದನ್ನ ದಪ್ಪಕ್ಷರದಲ್ಲಿ ಬರೀಬೇಕು. ಬಿಚ್ಚೋಕಾಗದ ಭಾಗವನ್ನ ತೊಳೆಯೋಕಾಗಲ್ಲ. ಏನು ಕೊಳ್ಳುವಾಗಲೂ ಮೊದಲು ಅದನ್ನೇ ನೋಡಿ.

ಬಾಟ್ಲಿಂಗ್ ಬಕೆಟಿನ ನಲ್ಲಿ ಇದೆಯಲ್ಲ, ಪ್ಲಾಸ್ಟಿಕ್ಕಿನದು, ಅದು ಎರಡು ತುಂಡು. ಒಳಗಿನದನ್ನ ಬಿಸಿ ನೀರಲ್ಲಿಟ್ಟು ಹಿಂದಿನಿಂದ ತಳ್ಳಿದರೆ ಹೊರಗೆ ಬರುತ್ತೆ. ಹೊರಗಿನಿಂದ ನೋಡಿದರೆ ಸ್ವಚ್ಛ, ಒಳಗೆ ಕಂದು ಲೋಳೆ. ಬಕೆಟ್ ಬಿಯರ್ ಚೆನ್ನಾಗಿತ್ತು, ಬಾಟ್ಲಿಗೆ ಬಂದಮೇಲೆ ಹುಳಿಯಾಯ್ತು ಅಂದ್ರೆ ಮೊದಲು ಆ ನಲ್ಲಿ ಬಿಚ್ಚಿ ನೋಡಿ.

ಕೆಟಲಿನ ಬಾಲ್ ವಾಲ್ವೂ ಹಾಗೇ. ಗುಂಡಿನ ಹಿಂದೆ ಸಿಹಿ ರಸ ಸಿಕ್ಕಿಕೊಳ್ಳುತ್ತೆ, ಕುದಿಯ ಶಾಖ ಅಲ್ಲಿಗೆ ಪೂರಾ ತಲುಪಲ್ಲ. ಮೂರು ತುಂಡಿನ ವಾಲ್ವ್ ತಗೊಳ್ಳಿ, ಎರಡು ತುಂಡಿನದನ್ನ ಬಿಚ್ಚೋದು ಕಷ್ಟ. ಬೋಲ್ಟ್ ತೆಗೆದು ಗುಂಡು, ಬಿಳಿ ಟೆಫ್ಲಾನ್ ಸೀಟು ಎರಡನ್ನೂ ನೆನೆಹಾಕಿ. ಬಿಗಿ ಮಾಡುವಾಗ ಬೋಲ್ಟುಗಳನ್ನ ಎದುರುಬದುರು ಸರದಿಯಲ್ಲಿ ತಿರುಗಿಸಿ, ಒಂದೇ ಕಡೆ ಎಳೆದರೆ ಸೋರುತ್ತೆ. 2.5 ಗ್ಯಾಲನ್ ಬಿಯರ್ ಮಾಡೋ ಪಾತ್ರೆಗೆ ವಾಲ್ವೇ ಬೇಡ, ಎತ್ತಿ ಸುರಿಯಿರಿ.

ಬಿಂದಿಗೆ_ಬೆಸ್ಕಾಂ
ಚಿಲ್ಲರಿನ ತಾಮ್ರದ ಸುರುಳಿಯನ್ನ ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಬಹುದಾ? ಪೂಜೆ ಚೊಂಬಿನ ಹಾಗೆ ಫಳಫಳ ಆಗುತ್ತಲ್ಲ.

ಡೆನ್ವರ್_ಕನ್ನಡತಿ
ಉಜ್ಜಬಹುದು, ಆದರೆ ಫಳಫಳ ಬೇಕಾಗಿಲ್ಲ. ಹುಳಿ ತಾಮ್ರದ ಮೇಲಿನ ಆಕ್ಸೈಡನ್ನ ಕರಗಿಸೋದರಿಂದ ಹೊಳಪು ಬರೋದು, ಸಿಹಿ ರಸದ ಆಮ್ಲವೂ ಅದನ್ನೇ ಮಾಡುತ್ತೆ. ಮಂಕು ಕಂದು ಬಣ್ಣ ಇದ್ದರೆ ಹಾಗೇ ಬಿಡಿ. ಹಸಿರು ಕಿಲುಬು ಅಥವಾ ಕಪ್ಪು ಕಂಡರೆ ಮಾತ್ರ ಹುಣಸೆ ಅಥವಾ ಬಿಳಿ ವಿನೆಗರಿಂದ ತೆಗೆದು ಚೆನ್ನಾಗಿ ತೊಳೀರಿ. ಬಳಸಿದ ತಕ್ಷಣ ತೊಳೆದು ಒಣಗಿಸಿದರೆ ಕಿಲುಬು ಹತ್ತಲ್ಲ. ಸ್ಟಾರ್ ಸ್ಯಾನಲ್ಲಿ ತಾಮ್ರ ನೆನೆಹಾಕಬೇಡಿ, ದ್ರಾವಣ ಹಸಿರಾಗುತ್ತೆ. ಕುದಿಯ ಕೊನೆಯ 15 ನಿಮಿಷ ಸುರುಳಿಯನ್ನ ಕೆಟಲಲ್ಲಿ ಮುಳುಗಿಸಿ, ಅದೇ ಸ್ಯಾನಿಟೈಸ್.

ಕುಡ್ಲ_ಡಲ್ಲಾಸ್
ಟೆಕ್ಸಾಸಿನವರಿಗೊಂದು ಮಾತು: ಬೇಸಿಗೆಯಲ್ಲಿ ಇಲ್ಲಿ ನಲ್ಲಿ ನೀರೇ 28-30 ಡಿಗ್ರಿ, ಎಷ್ಟು ಉದ್ದದ ಚಿಲ್ಲರ್ ಹಾಕಿದ್ರೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ನಲ್ಲಿ ನೀರಲ್ಲಿ 38-40ಕ್ಕೆ ತನ್ನಿ, ಆಮೇಲೆ ಸಣ್ಣ ಪಂಪಿನಿಂದ ಐಸ್ ನೀರನ್ನು ಅದೇ ಸುರುಳಿಯಲ್ಲಿ ತಿರುಗಿಸಿ. ಐಸನ್ನು ಮೊದಲೇ ಹಾಕಿದ್ರೆ ಬಿಸಿ ರಸ ಅದನ್ನು ಹತ್ತೇ ನಿಮಿಷಕ್ಕೆ ಕರಗಿಸ್ತದೆ. ಪ್ಲೇಟ್ ಚಿಲ್ಲರ್ ವೇಗ ನಿಜ, ಒಳಗೆ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಚೂರು ಸಿಕ್ಕಿದ್ರೆ ಕಣ್ಣಿಗೆ ಕಾಣುವುದಿಲ್ಲ, ಬಿಚ್ಚಲಿಕ್ಕೂ ಆಗುವುದಿಲ್ಲ.

ತಟ್ಟೆಇಡ್ಲಿ_ತುಮಕೂರು
ನಮ್ಮವರಿಗೆ ಇನ್ನೊಂದು ಎಚ್ಚರಿಕೆ: ಇಡ್ಲಿ ಹಿಟ್ಟು ಹುಳಿ ಬರಿಸೋ ಅಡುಗೆಮನೇಲಿ ಬಿಯರ್ ಮಾಡ್ಲೇಬಾರದು. ಆ ಹಿಟ್ಟಿನ ತುಂಬ ಲ್ಯಾಕ್ಟಿಕ್ ಬ್ಯಾಕ್ಟೀರಿಯ.

ನೊರೆ_ನಂಜುಂಡ
ಮಾಡಲೇಬಾರದು ಅನ್ನೋದು ಜಾಸ್ತಿಯಾಯ್ತು. ಹಾಪ್ಸಿನ ಕಹಿ ಆಮ್ಲ ಆ ಜಾತಿಯ ಬಹುಪಾಲು ಬ್ಯಾಕ್ಟೀರಿಯವನ್ನ ತಡೆಯುತ್ತೆ. ಕುದಿಯೋ ಮುಂಚೆ ಏನು ಬಿದ್ದರೂ ಕುದಿಯಲ್ಲಿ ಸಾಯುತ್ತೆ. ಅಪಾಯ ಇರೋದು ರಸ ಆರಿದ ಮೇಲೆ ಯೀಸ್ಟ್ ಕೆಲಸ ಶುರುಮಾಡೋ ತನಕ, ಅದೂ ಹಾಪ್ಸ್ ಕಮ್ಮಿ ಇರೋ ಗೋಧಿ ಬಿಯರಿಗೆ. ಆ ಹೊತ್ತಲ್ಲಿ ಹಿಟ್ಟಿನ ಡಬ್ಬಿ ತೆರೀಬೇಡಿ, ಗ್ರೈಂಡರ್ ಓಡಿಸಬೇಡಿ. ಹಿಟ್ಟು ಕಲಸೋ ಸೌಟು, ಮರದ ಚಮಚ, ಪ್ಲಾಸ್ಟಿಕ್ ಡಬ್ಬಿ ಬಿಯರ್ ಕಡೆ ಬರಬಾರದು. ಅಷ್ಟು ಪಾಲಿಸಿದರೆ ಇಡ್ಲಿಯೂ ಆಗುತ್ತೆ, ಬಿಯರೂ ಆಗುತ್ತೆ.

ಸಾಂಬಾರಿನ ವಾಸನೆ ಹಿಡಿದ ಸಿಲಿಕೋನ್ ರಿಂಗು, ಪ್ಲಾಸ್ಟಿಕ್ ಜಾಲರಿ ಕೂಡ ಬೇರೆ ಇಡಿ. ಇಂಗಿನ ವಾಸನೆ ಯಾವ ಸೋಪಿಗೂ ಹೋಗಲ್ಲ.

ಜರ್ಸಿ_ಹೊಸಬ
ಚೀಲದ ವಿಷಯ ಬಂತಲ್ಲ, ಹಳೇ ಮಲ್ಲು ಪಂಚೆ ಹೊಲಿಸಿದರೆ ಆಗುತ್ತಾ? ಕಾಳನ್ನ ಮಿಕ್ಸಿಗೆ ಹಾಕಬಹುದಾ?

ಕೊಳಗ_ಕಿಟ್ಟಿ
ಪಂಚೆ ಬೇಡ. ಹತ್ತಿ ಬಟ್ಟೆ ರಸ ಹೀರಿಕೊಂಡು ಬಿಟ್ಟುಕೊಡಲ್ಲ, ಒದ್ದೆ ಕಾಳಿನ ಭಾರಕ್ಕೆ ಹರಿಯಬಹುದು, ಒಣಗೋಕೆ ದಿನ ಹಿಡಿದು ಬೂಷ್ಟು ಬರುತ್ತೆ. ಪಾಲಿಯೆಸ್ಟರ್ ವಾಯ್ಲ್ ಬಟ್ಟೆ ತಗೊಳ್ಳಿ, ಪರದೆ ಹೊಲಿಯೋ ಬಟ್ಟೆ ಅಂಗಡೀಲಿ ಸಿಗುತ್ತೆ. ಪಾತ್ರೆ ಪೂರ್ತಿ ಒಳಗೆ ಹಿಡಿಯೋಷ್ಟು ದೊಡ್ಡದಾಗಿ ಹೊಲಿಸಿ. ಒಲೆ ಉರೀತಿದ್ದಾಗ ಚೀಲ ತಳಕ್ಕೆ ತಾಗದ ಹಾಗೆ ಕೆಳಗೊಂದು ಸ್ಟೀಲ್ ಜಾಲರಿ ಇಡಿ, ಇಲ್ಲದಿದ್ದರೆ ಕರಗುತ್ತೆ.

ಮಿಕ್ಸಿ ಬೇಡ. ಒಂದಷ್ಟು ಹಿಟ್ಟಾಗುತ್ತೆ, ಒಂದಷ್ಟು ಇಡಿ ಕಾಳೇ ಉಳಿಯುತ್ತೆ, ಸಿಪ್ಪೆ ಚೂರುಚೂರಾಗುತ್ತೆ. ಅಂಗಡಿಯವರೇ ಒಡೆದು ಕೊಡ್ತಾರೆ. ಸ್ವಂತ ಎರಡು ರೋಲರಿನ ಗಿರಣಿ ತಗೊಂಡರೆ ಫ್ಯಾಕ್ಟರಿಯಿಂದ ಬರೋ ಅಂತರ ಸುಮಾರು 1 ಮಿಲಿಮೀಟರ್. ಚೀಲದ ವಿಧಾನಕ್ಕೆ 0.8ಕ್ಕೆ ಇಳಿಸಬಹುದು. ಫೀಲರ್ ಗೇಜ್ (ಅಂತರ ಅಳೆಯೋ ತೆಳು ಪಟ್ಟಿ) ಇಟ್ಟು ರೋಲರಿನ ಎರಡೂ ತುದಿ ಅಳೀರಿ, ಒಂದು ತುದಿ ಸಡಿಲ ಇರೋದು ಸಾಮಾನ್ಯ. ಗಿರಣಿಗೆ ನೀರು ತಾಗಿಸಬಾರದು, ಒಣ ಬ್ರಶ್ ಮಾತ್ರ.

ಡೆನ್ವರ್_ಕನ್ನಡತಿ
ಅಳತೆಯ ಸಾಮಾನು ಮರೀಬೇಡಿ. ಮ್ಯಾಶ್ 65ರಲ್ಲಿ ಆದರೆ ಬಿಯರ್ ತೆಳು, 69ರಲ್ಲಿ ಆದರೆ ದಪ್ಪ, ಸಿಹಿ. ಥರ್ಮಾಮೀಟರ್ 2 ಡಿಗ್ರಿ ತಪ್ಪಿದರೂ ಬೇರೆ ಬಿಯರ್ ಸಿಗುತ್ತೆ. ಪುಡಿ ಐಸಿಗೆ ಸ್ವಲ್ಪ ನೀರು ಬೆರೆಸಿ ಅದರಲ್ಲಿಟ್ಟರೆ 0 ತೋರಿಸಬೇಕು. ಕುದಿಯೋ ನೀರಲ್ಲೂ ನೋಡಿ, ಆದರೆ ಎಲ್ಲ ಕಡೆ 100 ಅಲ್ಲ: ಡೆನ್ವರಲ್ಲಿ ಸುಮಾರು 95, ಬೆಂಗಳೂರಲ್ಲಿ 97. ಕೆಟಲಿಗೆ ಸಿಕ್ಕಿಸಿದ ಮುಳ್ಳಿನ ಥರ್ಮಾಮೀಟರನ್ನ ನಂಬಬೇಡಿ, ಅದು ಪಕ್ಕದ ರಸವನ್ನ ಓದುತ್ತೆ, ಕಾಳಿನ ನಡುವಿನದ್ದನ್ನಲ್ಲ.

ಹೈಡ್ರೋಮೀಟರ್ (ರಸದ ಸಾಂದ್ರತೆ, ಅಂದ್ರೆ ಗ್ರ್ಯಾವಿಟಿ ಅಳೆಯೋದು) ಡಿಸ್ಟಿಲ್ಡ್ ನೀರಲ್ಲಿ, ಅದರ ಮೇಲೆ ಬರೆದ ತಾಪದಲ್ಲಿ, 1.000 ಓದಬೇಕು. ಒಳಗಿನ ಕಾಗದ ಜಾರಿದ್ದರೆ ಎಷ್ಟು ವ್ಯತ್ಯಾಸ ಅಂತ ಬರೆದಿಟ್ಟು ಪ್ರತಿ ಸಲ ಅಷ್ಟನ್ನ ಕಳೆಯಿರಿ ಅಥವಾ ಕೂಡಿಸಿ. ರಿಫ್ರ್ಯಾಕ್ಟೋಮೀಟರ್ (ಒಂದೆರಡು ಹನಿಯಲ್ಲೇ ಸಕ್ಕರೆ ಅಳೆಯೋದು) ಹುದುಗೋ ಮುಂಚೆ ಚೆನ್ನ, ಆಲ್ಕೊಹಾಲ್ ಬಂದ ಮೇಲೆ ಓದು ಹೆಚ್ಚು ತೋರಿಸುತ್ತೆ, ತಿದ್ದುಪಡಿ ಲೆಕ್ಕ ಹಾಕದೆ ಬಳಸಬೇಡಿ.

ಬಿಂದಿಗೆ_ಬೆಸ್ಕಾಂ
ಮಧ್ಯೆ ಒಂದು ಪ್ರಶ್ನೆ, ಬೆಂಗಳೂರಲ್ಲಿ ಇದನ್ನೆಲ್ಲ ಮಾಡಬಹುದಾ?

ಪೇಡಾ_ಧಾರವಾಡ
ಇಲ್ರಿ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದ ಮದ್ಯ ತಯಾರಿಸೂದು ಅಪರಾಧ, ಮನಿಗೆ ಅಂತ ವಿನಾಯಿತಿ ಇಲ್ಲ. ಅಮೆರಿಕಾದಾಗ 1978ರಾಗ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಕೇಂದ್ರದ ತೆರಿಗಿ ಹೋತು: ವರ್ಷಕ್ಕ ಒಬ್ಬರ ಮನಿಗೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ರ 200. ಮಾರೂ ಹಂಗಿಲ್ಲ. ರಾಜ್ಯದ ಕಾಯ್ದೆ ಬ್ಯಾರೆ ಇರ್ತಾವ, ಮಿಸಿಸಿಪ್ಪಿ, ಅಲಬಾಮಾ ಒಪ್ಪಿದ್ದು 2013ರಾಗ. ಅಪಾರ್ಟ್‌ಮೆಂಟಿನ ಕರಾರು ಪತ್ರನೂ ಓದ್ಕೋರಿ.

ನೊರೆ_ನಂಜುಂಡ
ಬಾಟ್ಲಿಯೋ ಕೆಗ್ಗೋ (ಒತ್ತಡ ತಡೆಯೋ ಸ್ಟೀಲ್ ಪೀಪಾಯಿ) ಅನ್ನೋದು ಬಾಕಿ ಇದೆ. ಶುರುವಿಗೆ ಬಾಟ್ಲಿ. ಕಂದು ಗಾಜು, ಮುಚ್ಚಳ ತಿರುಪೋ ಬಾಯಿ ಇರಬಾರದು, ಕ್ಯಾಪ್ ಸರಿಯಾಗಿ ಕೂರಲ್ಲ. ಹಸಿರು, ಬಿಳಿ ಗಾಜಲ್ಲಿ ಬೆಳಕು ತಾಗಿ ಹಾಪ್ಸ್ ಕೆಟ್ಟ ವಾಸನೆ ಬರುತ್ತೆ. ಗ್ರ್ಯಾವಿಟಿ ಮೂರು ದಿನ ಅಲುಗದೆ ನಿಂತ ಮೇಲೇ ತುಂಬಿಸಿ. ಬಾಟ್ಲಿಯೊಳಗೆ ಗ್ಯಾಸ್ ಬರೋಕೆ ಡೆಕ್ಸ್‌ಟ್ರೋಸ್ ಸಕ್ಕರೆ ಲೀಟರಿಗೆ 6ರಿಂದ 6.5 ಗ್ರಾಂ, ತಕ್ಕಡಿಯಲ್ಲಿ ತೂಗಿ. ಮಾಮೂಲಿ ಸಕ್ಕರೆಯಾದರೆ ಶೇ. 10ರಷ್ಟು ಕಡಿಮೆ. ಬೆಲ್ಲ ಬೇಡ, ಅಚ್ಚಿನಿಂದ ಅಚ್ಚಿಗೆ ತೇವ ಬೇರೆ, ಅಳತೆ ನಿಲ್ಲಲ್ಲ. ಹೆಚ್ಚಾದರೆ ಬಾಟ್ಲಿ ಸಿಡಿಯುತ್ತೆ, ಗಾಜಿನ ಚೂರು ಗೋಡೆಗೆ ನೆಡುತ್ತೆ.

ಕುಡ್ಲ_ಡಲ್ಲಾಸ್
ಹಳೆಯ ಕಾರ್ನಿ ಕೆಗ್ ಸಿಕ್ಕಿದ್ರೆ ಬಿಡಬೇಡಿ, ಸೋಡಾ ಕಂಪನಿಗಳು ಬಳಸ್ತಿದ್ದದ್ದು. ಬಾಲ್ ಲಾಕ್ ಜೋಡಣೆಯದ್ದೇ ತಕ್ಕೊಳ್ಳಿ, ಬಿಡಿಭಾಗ ಸುಲಭ. ತಂದ ಕೂಡಲೇ ಐದೂ ಓ ರಿಂಗ್ ಬದಲಿಸಿ: ಮುಚ್ಚಳದ್ದು ಒಂದು, ಪೋಸ್ಟಿನದ್ದು (ಗ್ಯಾಸು, ಬಿಯರಿನ ಕೊಳವೆ ಸಿಕ್ಕಿಸುವ ಮೂತಿ) ಎರಡು, ಒಳಕೊಳವೆಯದ್ದು ಎರಡು. ರೂಟ್ ಬಿಯರಿನ ವಾಸನೆ ಆ ರಬ್ಬರಿನಲ್ಲೇ ಕೂತಿರ್ತದೆ, ಸ್ಟೀಲಿನಲ್ಲಿ ಅಲ್ಲ.

ಬಿಚ್ಚುವ ಮೊದಲು ಮುಚ್ಚಳದ ರಿಲೀಫ್ ವಾಲ್ವ್ ಎಳೆದು ಒತ್ತಡ ಪೂರ್ತಿ ಬಿಡಿ, ಇಲ್ಲದಿದ್ರೆ ಪೋಸ್ಟು ಮುಖಕ್ಕೆ ಹಾರ್ತದೆ. ಪೋಸ್ಟಿಗೆ ಹೆಚ್ಚಾಗಿ 11/16 ಅಥವಾ 7/8 ಇಂಚಿನ ಸಾಕೆಟ್ ಸ್ಪ್ಯಾನರ್. ಗ್ಯಾಸಿನ ಪೋಸ್ಟಿನ ಬುಡದಲ್ಲಿ ಕಚ್ಚು ಇರ್ತದೆ, ಎರಡನ್ನೂ ಅದಲುಬದಲು ಮಾಡಬೇಡಿ. ಮುಚ್ಚಳದ ರಿಂಗಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ, 30 ಪಿಎಸ್‌ಐ ಗ್ಯಾಸಿನ ಒತ್ತಡ ಕೊಟ್ಟು ಕೂರಿಸಿ, ಸ್ಟಾರ್ ಸ್ಯಾನ್ ಚಿಮುಕಿಸಿ ಗುಳ್ಳೆ ಬರ್ತದಾ ನೋಡಿ. ಮತ್ತೆ 3 ಡಿಗ್ರಿಯಲ್ಲಿ 11-12 ಪಿಎಸ್‌ಐಗೆ ಇಳಿಸಿ, ಒಳವ್ಯಾಸ 3/16 ಇಂಚಿನ ಕೊಳವೆ 10 ಅಡಿ ಹಾಕಿ. ಕೊಳವೆ ಗಿಡ್ಡ ಆದ್ರೆ ಲೋಟ ಪೂರ್ತಿ ನೊರೆ. ಎರಡು ವಾರಕ್ಕೊಮ್ಮೆ ಕೊಳವೆ ತೊಳೀರಿ.

ಪೇಡಾ_ಧಾರವಾಡ
ಗ್ಯಾಸ್ ಸಿಲಿಂಡರ್ ಹೊರಗ ನಿಂತಿರಬೇಕು, ಬಾಗಿಲಾ ಮುಚ್ಚಿದ ಸಣ್ಣ ಕೋಣ್ಯಾಗ ಬ್ಯಾಡ್ರಿ. ಸೋರಿದ್ರ ಕಾರ್ಬನ್ ಡೈಆಕ್ಸೈಡ್ ನೆಲದಾಗ ತುಂಬತೈತಿ, ವಾಸನಿ ಬರಂಗಿಲ್ಲ. ಸಿಲಿಂಡರ್ ಮ್ಯಾಲ ಪರೀಕ್ಷೆಯ ತಾರೀಖು ಕೊರೆದಿರತಾರ, 5 ವರ್ಷ ಮೀರಿದ್ರ ಅಂಗಡ್ಯಾಗ ತುಂಬಿ ಕೊಡಂಗಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳೋ ಮುಂಚೆ ಅದನ್ನ ನೋಡ್ರಿ.

ಇನ್ನೊಂದು: ಗಾಜಿನ ಫರ್ಮೆಂಟರಿಗೆ ಗ್ಯಾಸಿನ ಒತ್ತಡ ಕೊಟ್ಟು ಬಿಯರ್ ಕೆಗ್ಗಿಗೆ ತಳ್ಳೂದು ಅಂತೂ ಬ್ಯಾಡ. ಗಾಜು ಒತ್ತಡಕ್ಕ ಮಾಡಿದ್ದಲ್ಲ.

ಬಿಂದಿಗೆ_ಬೆಸ್ಕಾಂ
ರಾಗಿ ಮಾಲ್ಟ್ ಸೇರಿಸಿದರೆ ಇದೇ ಸಾಮಾನು ಸಾಕಾ?

ತಟ್ಟೆಇಡ್ಲಿ_ತುಮಕೂರು
ಸಾಕು, ಚೀಲದ ವಿಧಾನಕ್ಕೆ ರಾಗಿ ಚೆನ್ನಾಗಿ ಹೊಂದುತ್ತೆ. ರಾಗಿಗೆ ಬಾರ್ಲಿಯ ಹಾಗೆ ಗಟ್ಟಿ ಸಿಪ್ಪೆ ಇಲ್ಲ, ಜಾಲರಿ ಮೇಲೆ ಸೋಸೋ ಮೆಷಿನ್ನಲ್ಲಿ ಕಾಳಿನ ಹಾಸು ಗಟ್ಟಿಯಾಗಿ ರಸ ಇಳಿಯೋದು ನಿಲ್ಲುತ್ತೆ. ಅಂಥ ಮೆಷಿನ್ ಇದ್ದರೆ 5 ಗ್ಯಾಲನ್ನಿಗೆ ಕಾಲು ಕಿಲೋ ಭತ್ತದ ಹೊಟ್ಟು ತೊಳೆದು ಬೆರೆಸಿ. ಕಾಳು ಸಣ್ಣದು, ಬಾರ್ಲಿಗೆ ಇಟ್ಟ ಗಿರಣಿಯ ಅಂತರದಲ್ಲಿ ಹಾಗೇ ಜಾರಿಹೋಗುತ್ತೆ, ಬೇರೆಯಾಗಿ ಬಿಗಿ ಮಾಡಿ ಒಡೀಬೇಕು. ಅಂಗಡಿಯ ರಾಗಿ ಮಾಲ್ಟ್ ಪುಡಿ ತರಬೇಡಿ, ಎಷ್ಟೋ ಪೊಟ್ಟಣದಲ್ಲಿ ಹಾಲಿನ ಪುಡಿ, ಏಲಕ್ಕಿ ಇರುತ್ತೆ. ಹುರಿದದ್ದಾದರೆ ಪಿಷ್ಟ ಒಡೆಯೋ ಕಿಣ್ವವೂ ಸತ್ತಿರುತ್ತೆ, ಆಗ ಒಟ್ಟು ಕಾಳಲ್ಲಿ ಮುಕ್ಕಾಲು ಪಾಲು ಬಾರ್ಲಿ ಮಾಲ್ಟೇ ಇರಲಿ.